ಸುಣ್ಣ ಕೂಡುವ ತನಕ

ಶಿರಹಟ್ಟಿ
ತಾ. 12-12-1956

ಪ್ರೀತಿಯ ಅಕ್ಕಾ,

ನಿನ್ನ ಕೆಮ್ಮು ಇಳಿಯಿತೋ ಇಲ್ಲವೋ? ಬೆಟಗೇರಿಯಿಂದ ಬಂದವರು ಯಾರೂ ನಿನ್ನ ಖಬರು ಹೇಳಲಿಲ್ಲ. ಅದರ ಮೇಲೆ ಇವತ್ತು ಬೆಳಗಿನ ಜಾವ ಕೆಟ್ಟ ಕನಸು. ನಮ್ಮ ಮನೆಯ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತಿದ್ದೇನೆ, ಬಲಗಾಲು ಹಸಿ ನೂಲಿನ ಲಡಿಯಂತೆ ಜೋತಾಡುತ್ತಿದೆ, ಎಷ್ಟು ತುಳಿದರೂ ಹಲಗೆ ಕೆಳಗೆ ಹೋಗದು. ಜಾವದ ಕನಸು ಖರೆ ಆಗುತ್ತದೆ ಎಂದು ಅವ್ವ ಹೇಳುತ್ತಿದ್ದಳಲ್ಲ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವನಿಗೆ ಮಗ್ಗ ಬಿಟ್ಟರೆ ಬೇರೇನು ಬರುತ್ತದೆ ಹೇಳು.

ರಾಜ್ಯ ಒಂದಾದ ದಿನ ನಮ್ಮ ಓಣಿಗೆ ತೋರಣ ಕಟ್ಟಲು ಹೋಗಿ ಏಣಿಯಿಂದ ಬಿದ್ದು ಬಲಗಾಲು ಮುರಿದು ನಲವತ್ತೊಂದು ದಿನವಾಯಿತು. ಇಲ್ಲಿನ ಎಲುಬು ಕಟ್ಟುವ ಮಲಂಗಸಾಬರು ಅವತ್ತೇ ನಕ್ಕಿದ್ದರು: "ನಾಡು ಕೂಡಿತಂತ, ನೀ ಮುರಕೊಂಡು ಬಂದೀಯಲ್ಲೋ ಕೊಟ್ರಪ್ಪ." ಬಿದಿರಿನ ದಬ್ಬೆ ಇಟ್ಟು ಬಿಗಿದು, ಎರಡು ತಿಂಗಳು ಮುಟ್ಟಬೇಡ ಎಂದರು. ಅವರ ಪಡಸಾಲೆಯಲ್ಲಿ ನನ್ನ ಜೊತೆಗಿದ್ದ ನಾಲ್ವರೂ ಗುಣವಾಗಿ ಊರಿಗೆ ಹೋದರು. ಎದುರು ಮನೆಯ ಸಿದ್ದಲಿಂಗವ್ವ ಎರಡು ಹೊತ್ತು ರೊಟ್ಟಿ ತಂದಿಡುತ್ತಾಳೆ, ಕೂತು ಮಾತಾಡುವಷ್ಟು ಪುರುಸೊತ್ತು ಅವಳಿಗೆಲ್ಲಿ? ಮಗ್ಗದ ಸಪ್ಪಳವಿಲ್ಲದ ಕಡೆ ಹೊತ್ತೇ ಹೋಗುವುದಿಲ್ಲ ಅಕ್ಕಾ.

ಒಬ್ಬನೇ ಇದ್ದರೆ ನನ್ನ ಬುದ್ಧಿ ನಿನಗೆ ಗೊತ್ತು, ಹಾಕಿದ ಬೀಗವನ್ನೇ ನಾಲ್ಕು ಸಲ ಜಗ್ಗುವವನು. ಮೂರನೇ ವಾರ, ಕೂಡಿತೋ ಇಲ್ಲವೋ ಎಂದು ದಬ್ಬೆ ಬಿಚ್ಚಿದೆ. ಹಾಸಿನ ನೂಲಿಗೆ ಹಚ್ಚಿದ ಗಂಜಿ ಒಣಗಿತೋ ಎಂದು ಬೆರಳಿನಿಂದ ಒತ್ತುತ್ತೇವಲ್ಲ, ಹಾಗೆ ಒತ್ತಿ ನೋಡಿದೆ. ಅಷ್ಟೇನೂ ನೋಯಲಿಲ್ಲ. ಎದ್ದು ನಿಂತೂಬಿಟ್ಟೆ.

ಮಲಂಗಸಾಬರಿಗೆ ತಿಳಿಯಿತು. ದಬ್ಬೆ ಮತ್ತೆ ಕಟ್ಟಿದರು. ಕಡಲೆ ಹೊಲದ ಇಬ್ಬನಿಗೆ ಬಟ್ಟೆ ಹಾಸಿ ಹಿಂಡಿ ತಂದ ಹುಳಿಯಲ್ಲಿ ಕೋಳಿಯ ಎಲುಬೊಂದನ್ನು ಎಂಟು ದಿನ ನೆನೆಹಾಕಿ ನನ್ನ ಕೈಗಿಟ್ಟರು. (ನಾನು ಮುಟ್ಟಿದ್ದನ್ನು ಮಠದವರಿಗೆ ಹೇಳಬೇಡ.) ಹಗ್ಗದಂತೆ ಬಾಗಿತು. ಒಲೆಯಲ್ಲಿ ಸುಟ್ಟ ಇನ್ನೊಂದು, ಹಿಡಿದ ಕೂಡಲೇ ಪುಡಿಯಾಯಿತು. "ಹುಳಿ ಸುಣ್ಣ ತಿಂತು, ನೂಲು ಉಳೀತು. ಬೆಂಕಿ ನೂಲು ತಿಂತು, ಸುಣ್ಣ ಉಳೀತು. ಎರಡೂ ಕೂಡಿದ್ರನ ಎಲುಬು ಭಾರ ಹೊರತೈತಿ. ಮುರದ ಕಡೆ ಮೊದಲು ನೂಲು ಹಬ್ಬತೈತಿ, ಸುಣ್ಣ ಆಮ್ಯಾಗ ಬರತೈತಿ. ನೀ ಬರೇ ನೂಲಿನ ಮ್ಯಾಲ ನಿಂತೀಯಪ್ಪ" ಎಂದರು. ಗಂಜಿ ಕುಡಿಯದ ನೂಲನ್ನು ನಾನೆಂದಾದರೂ ಮಗ್ಗಕ್ಕೆ ಏರಿಸಿದ್ದೆನೇ?

ಈಗ ಗಟ್ಟಿಯಾಗುತ್ತಿದೆಯಂತೆ. ನೀನು ತಂಡಿಯಲ್ಲಿ ನೀರು ಹೊರಬೇಡ. ಪಕ್ಕದ ಮಂಜವ್ವನನ್ನು ಕೇಳಿದೆನೆಂದು ಹೇಳು.

ನಿನ್ನ ತಮ್ಮ
ಕೊಟ್ರಪ್ಪ

ತಾ.ಕ.: ಟಪಾಲಿನವನು ಬಂದು ನಿಂತಿದ್ದಾನೆ. ಮೇಲೆ ಬರೆಯಲು ಕೈ ಬರಲಿಲ್ಲ. ಅವತ್ತು ನಿಂತಾಗ ಮುರಿದ ತುದಿಗಳು ಒಂದರ ಮೇಲೊಂದು ಸರಿದಿದ್ದವು, ಹಾಗೇ ಕೂಡುತ್ತಿವೆ. ದಾರ ಹಿಡಿದು ಅಳೆದೆ, ಬಲಗಾಲು ಎರಡು ಬೆರಳು ಗಿಡ್ಡ. ಕುಣಿಯ ಅಂಚಿನಿಂದ ತುಳಿಯುವ ಹಲಗೆಗೆ ಒಂದೂವರೆ ಮೊಳ ಎಂದು ನೀನು ಹೋದ ಪತ್ರದಲ್ಲಿ ಬರೆದಿದ್ದಿ. ನಾನು ಕಾರಣ ಹೇಳದೆ ಕೇಳಿದ್ದೆ, ನೀನು ನಿನ್ನ ಕೈ ಮೊಳದಲ್ಲಿ ಅಳೆದಿರಬೇಕು. ಇನ್ನೊಮ್ಮೆ ದಾರ ಇಳಿಬಿಟ್ಟು ಅಳೆ, ಆ ದಾರವನ್ನೇ ಕತ್ತರಿಸಿ ಲಕೋಟೆಯಲ್ಲಿಟ್ಟು ಕಳಿಸು, ಈ ಕಾಲಿಗೆ ಹಿಡಿದು ನೋಡುತ್ತೇನೆ.