ಐದನೆಯ ತಲೆಮಾರಿನ ಹೆಸರು

ಅಪ್ಪನವರಿಗೆ ಸಾಂಕುಂಗನ ಸಲಾಮ್.

ಸಾನ್ಯಾಂಗ್ ಊರಿನ ಮನೆಯಲ್ಲಿ ಮಗುವಿನ ನಾಮಕರಣ ಮುಗಿಯಿತು. ಕೋರಾ ನುಡಿಸುತ್ತ ಆ ಮನೆತನದ ಏಳು ತಲೆಮಾರಿನ ಹೆಸರು ಹಾಡುವಾಗ ಐದನೆಯ ಹಿರಿಯರ ಹೆಸರೇ ಮರೆತುಹೋಯಿತು. ಹೆಸರು ತಪ್ಪಿದರೆ ಮನೆಗೆ ಬರಬೇಡ ಎಂದಿದ್ದಿರಲ್ಲ, ಹೆದರಿ ತಂತಿಗಳನ್ನೇ ಜೋರಾಗಿ ಮೀಟುತ್ತ ಕುಳಿತೆ.

ಮಗುವಿನ ಮುತ್ತಜ್ಜಿ ಕೋಲಾ ಬೀಜ ಅಗಿಯುತ್ತ ನಕ್ಕರು. "ನಿಮ್ಮಪ್ಪನೂ ಹಾಡಿನ ಈ ಜಾಗಕ್ಕೆ ಬಂದ್ರೆ ಹೀಗೇ ಜೋರಾಗಿ ಬಾರಿಸ್ತಾನೆ ಕಣಪ್ಪ. ನಲವತ್ತು ವರ್ಷದಿಂದ ಕೇಳ್ತಿದೀನಿ, ಆ ಹೆಸರು ಒಂದ್ಸಲಾನೂ ಅವನ ಬಾಯಿಗೆ ಬಂದಿಲ್ಲ."

ಆಮೇಲೆ ಅವರೇ ಹೇಳಿಕೊಟ್ಟರು. ಹಾಡಿ ಮುಗಿಸಿದೆ.

ಶುಕ್ರವಾರ ಮನೆಗೆ ಬರುತ್ತೇನೆ. ಕೋರಾದ ಎರಡು ತಂತಿ ಹರಿದಿವೆ, ಹೊಸದಾಗಿ ಕಟ್ಟಲು ಮೀನಿನ ಬಲೆ ಹೆಣೆಯುವ ನೈಲಾನ್ ದಾರ ತಂದಿಡಿ. ಆ ಹೆಸರನ್ನು ಅಮ್ಮನ ಎದುರು ಕೇಳಬೇಡಿ, ನಿಮ್ಮ ಕಿವಿಯಲ್ಲಿ ಹೇಳುತ್ತೇನೆ.

ನಿಮ್ಮ ಮಗ,
ಸಾಂಕುಂಗ್