ಒಣಗದ ಹರಿಗೋಲು

ಆಗಸ್ಟ್ 10, 1948, ಮಂಗಳವಾರ

ಹುಟ್ಟು ಹಾಕುವ ಕೈಗೆ ಪೆನ್ಸಿಲ್ ಕೊಟ್ಟರೆ ಏನು ಮಾಡಲಿ? ಮೂರನೇ ಈಯತ್ತೆಗೇ ಸಾಲೆ ಬಿಟ್ಟವನು. ಹೆಂಡತಿ ನಿಂಬೆವ್ವ ತೀರಿಹೋದಳು, ಮುದುಕ ನಾನು ಯಾತಕ್ಕೆ ಉಳಿದೆ ಎಂದು ಅಂದೋಲಾ ಊರಿಗೆ ಹೋಗಿ ಮಠದ ಸ್ವಾಮಿಗಳು, ಅಪ್ಪಗಳನ್ನು ಕೇಳಿದೆ. ಉತ್ತರ ಕೊಡಲಿಲ್ಲ, ವಹಿ ಕೊಟ್ಟರು. "ದಿನಾ ಎರಡು ಸಾಲು ಬರಿ ಮಾಳಿಂಗಪ್ಪ. ಯಾರೂ ಓದಂಗಿಲ್ಲ, ನಾನೂ ಓದಂಗಿಲ್ಲ." ಯಾರೂ ಓದದಿದ್ದರೆ ಬರೆಯುವುದು ಯಾತಕ್ಕೆ? ಸಿಟ್ಟು ಬಂತು.

ಪಂಚಮಿ ಆಯಿತು. ನಮ್ಮೂರು ಘತ್ತರಗಿಯಲ್ಲಿ ಯಾರೂ ಜೋಕಾಲಿ ಕಟ್ಟಲಿಲ್ಲ.

ಆಗಸ್ಟ್ 14

ಮೂಡಲಕ್ಕೆ ಹೊಗೆ. ಬಂದೂಕಿನವರು ಇನ್ನೊಂದು ಊರಿಗೆ ಬೆಂಕಿ ಇಟ್ಟರಂತೆ. ಜನ ಗಂಟುಮೂಟೆ, ಕೋಳಿ ಸಮೇತ ದಂಡೆಗೆ ಬಂದಿದ್ದಾರೆ. ಭೀಮಾ ಹೊಳೆಯ ಆಚೆ ಬೇರೆ ಸರ್ಕಾರ, ಬಂದೂಕಿನವರು ಅಲ್ಲಿಗೆ ಬರುವಂತಿಲ್ಲ. ಮಗ ಬೀರಣ್ಣ ಅಲ್ಲೇ, ಇವರ ವಿರುದ್ಧ ಹೋರಾಡುವವರ ಕ್ಯಾಂಪಿನಲ್ಲಿದ್ದಾನೆ. ಬಂದೂಕಿನವರಿಗೆ ಅವನು ಬೇಕು. ಸಿಗದಿದ್ದರೆ ನನ್ನ ಬಳಿ ಇರುವ ಅವನ ಹೆಂಡತಿ ರೇವಮ್ಮನನ್ನು... ತುಂಬು ಬಸುರಿ ಅವಳು.

ಆಗಸ್ಟ್ 23

ಜನರನ್ನು ಆಚೆ ದಾಟಿಸುತ್ತಿದ್ದೇನೆ, ಬರೆಯಲು ಬಿಡುವಿರಲಿಲ್ಲ. ಹೊಳೆ ತುಂಬಿದೆ. ಹರಿಗೋಲು ಎರಡು ದಿನ ನೀರಲ್ಲಿದ್ದರೆ ಒಂದು ದಿನ ಬೋರಲು ಹಾಕಿ ಅದರ ತೊಗಲು ಒಣಗಿಸಬೇಕು — ಹಡೆದ ಅಪ್ಪ ಕಲಿಸಿದ್ದು. ಒಣಗಿಸಿಲ್ಲ. ಹೆಬ್ಬೆರಳು ಒತ್ತಿದರೆ ತಗ್ಗು ಹಾಗೇ ಉಳಿಯುತ್ತದೆ. ನಾರುತ್ತಿದೆ.

ಇವತ್ತು ದಾಟಿದವರಲ್ಲಿ ಚಂದಮ್ಮ ಎಂಬಾಕೆ ನಡುಹೊಳೆಯಲ್ಲಿ ಕೈ ಮುಗಿದಳು. "ಮುತ್ತ್ಯಾ, ನೀ ಅದಿ ಅಂತ ನಾವು ಉಳದೀವಿ."

"ಸುಮ್ಮ ಕುಂದರಬೇ! ಹರಿಗೋಲು ಓಲಾಡಾಕತ್ತದ."

ಓಲಾಡುತ್ತಿರಲಿಲ್ಲ. ಇದೇ ಏನು ಉತ್ತರ? ಇದಕ್ಕೇ ಉಳಿದೆನೇ?

ಆಗಸ್ಟ್ 30, ಸೋಮವಾರ

ದಂಡೆಯ ಕಾವಲು ನಾಕಾದ ಜವಾನ ಮುರ್ತುಜಾ ಬೀಡಿಗೆ ಬೆಂಕಿ ಕೇಳುವ ನೆಪದಲ್ಲಿ ಬಂದ.

"ಮುತ್ತ್ಯಾ, ಶುಕ್ರವಾರ ಅಮಾಸಿ ದಿನ ಮಧ್ಯಾಹ್ನ ಅವರು ದಂಡಿಗಿ ಬರ್ತಾರ. ಹರಿಗೋಲು ಸುಡ್ತಾರ. ಅಷ್ಟರಾಗ ಎಲ್ಲಾರ್ನೂ ದಾಟಸು. ನಾ ಏನೂ ಹೇಳಿಲ್ಲ ನೋಡು."

"ನಾನೂ ಏನೂ ಕೇಳಿಲ್ಲ. ನಡಿಲೇ."

ರೇವಮ್ಮನಿಗೆ ಹರಿಗೋಲು ಹತ್ತು ಎಂದೆ.

"ಮಕ್ಕಳಿದ್ದೋರು ಮೊದಲ ದಾಟ್ಲಿ ಮಾವಾರ. ನಂದಿನ್ನೂ ಹೊಟ್ಟ್ಯಾಗ ಅದ, ಅಳಂಗಿಲ್ಲ."

ಬೈದೆ. ನಕ್ಕಳು.

ಸೆಪ್ಟೆಂಬರ್ 1, ಬುಧವಾರ

ಮುಂಜಾನೆ ದಾಟಿಸುವ ಖೇಪಿನಲ್ಲಿ ತೊಗಲಿನ ಹೊಲಿಗೆ ಬಿಟ್ಟಿತು. ನೀರು ಪಾದ ಮುಚ್ಚಿತು. ಚಂಬಿನಿಂದ ತೋಡುತ್ತ ಹೇಗೋ ಆಚೆ ದಡ ಮುಟ್ಟಿಸಿ, ಖಾಲಿ ಹರಿಗೋಲು ಈಚೆ ತಂದೆ. ಹೊಲಿದೆ. ಹಸಿ ತೊಗಲಲ್ಲಿ ದಾರ ನಿಲ್ಲುವುದಿಲ್ಲ. ಎರಡು ದಿನದ ಬಿಸಿಲು ಬೇಕೇ ಬೇಕು. ಬೋರಲು ಹಾಕಿದೆ.

ದಂಡೆಯಲ್ಲಿ ಇನ್ನೊಂದು ಖೇಪಿನಷ್ಟು ಜನ. ತೊಗಲು ನೋಡುತ್ತ ಕುಳಿತಿದ್ದಾರೆ. ರೇವಮ್ಮ ಆಗಾಗ ಎದ್ದು ಅಂಗೈಯಿಂದ ಮುಟ್ಟಿ ನೋಡುತ್ತಾಳೆ. ಶುಕ್ರವಾರ ಹೊತ್ತು ಹುಟ್ಟುತ್ತಲೇ ಹರಿಗೋಲು ನೀರಿಗೆ. ಅವಳೂ ಅದರಲ್ಲೇ.

ಪಡುವಲಕ್ಕೆ ಮೋಡ ಕಟ್ಟುತ್ತಿದೆ.

ಅಪ್ಪಗಳನ್ನು ಕೇಳಿದ್ದು ಸಾಕು. ನಮ್ಮೂರ ದೇವಿ ಭಾಗ್ಯವಂತಿ, ನಿನ್ನ ದಂಡೆಯಲ್ಲೇ ಮುದುಕನಾದೆ, ನೀನೇ ಹೇಳು. ಇವರನ್ನು ದಾಟಿಸಲೆಂದು ನನ್ನನ್ನು ಉಳಿಸಿದೆಯೋ, ನನ್ನ ಕೈಯಿಂದಲೇ ಮುಳುಗಿಸಲೆಂದೋ? ಶುಕ್ರವಾರ ಹೊತ್ತು ಹುಟ್ಟುವುದರೊಳಗೆ ಉತ್ತರ ಬೇಕು.