ಪರದೆಯ ಕೆಳಗಿನ ಗೆರೆ

ಚಿದ್ರಿ, ಬೀದರ
೧೭ ನವೆಂಬರ್ ೨೦೨೪, ರವಿವಾರ

ಪ್ರೀತಿಯ ತಮ್ಮ ನಂದಕುಮಾರನಿಗೆ,

ನಿನ್ನ ಅಕ್ಕ ಈಶ್ವರಿಯ ಶರಣು. ದೊಡ್ಡವಳಾದ್ದರಿಂದ ಆಶೀರ್ವಾದವನ್ನೂ ಬರೆಯಬೇಕು, ಅದನ್ನೂ ತೆಗೆದುಕೋ. ನಿನ್ನ ಸೊಂಟದ ನೋವು ಹೇಗಿದೆ? ಹೊತ್ತೆಲ್ಲ ಕ್ರೇನಿನ ಗೂಡಿನಲ್ಲಿ ಬಗ್ಗಿ ನೋಡುತ್ತ ಕೂಡುವುದಕ್ಕೇ ಅದು ಹೆಚ್ಚಾಗಿದೆ ಎಂದು ನಿನ್ನ ಹೆಂಡತಿ ಮನಿಷಾ ಹೇಳಿದಳು. ನಿನ್ನ ಬಂದರಿನ ಕ್ವಾರ್ಟರ್ಸಿನ ವಿಳಾಸವನ್ನೂ ಅವಳಿಂದಲೇ ಕೇಳಿ ಬರೆದುಕೊಂಡೆ. ಅವಳ ಮೇಲೆ ಸಿಟ್ಟಾಗಬೇಡ. ನೀನು ನನ್ನ ಫೋನು ಎತ್ತುವುದಿಲ್ಲ, ಎತ್ತಿದರೂ ಇಷ್ಟೆಲ್ಲ ನನ್ನಿಂದ ಹೇಳಲಾಗುವುದಿಲ್ಲ. ಕೂಸಿಗೆ ಗುಜರಾತಿ ಸಾಲಿ ಹಿಡಿಸಿತಂತೆ. ಒಳ್ಳೆಯದಾಯಿತು. ನಾವಿಲ್ಲಿ ಆರಾಮ ಇದ್ದೇವೆ ಎಂದು ಬರೆಯುವುದು ಪದ್ಧತಿ. ನಾನೂ ನಿನ್ನ ಭಾವ ಓಂಪ್ರಕಾಶರೂ ಆರಾಮ ಇದ್ದೇವೆ. ಅಪ್ಪನ ಸಂಗತಿಯನ್ನು ಮಾತ್ರ ಮೊದಲಿನಿಂದ ಬರೆಯಬೇಕು.

ಹೋದ ವರ್ಷ ದೀಪಾವಳಿಗೆ ಔರಾದದಿಂದ ಅಪ್ಪನನ್ನು ನಮ್ಮ ಮನೆಗೆ ಕರೆತಂದಾಗಲೇ ಅವರಿಗೆ ಮರೆವು ಹತ್ತಿತ್ತು. ಡಾಕ್ಟರು ನೋಡಿ, ಇದು ಗುಣವಾಗುವ ಕಾಯಿಲೆಯಲ್ಲ, ಇದ್ದಷ್ಟನ್ನು ಕಾಪಾಡಿಕೊಳ್ಳಿ ಎಂದರು. ಚಹಾ ಕುಡಿದದ್ದು ಮರೆಯುತ್ತಾರೆ, ಬಚ್ಚಲು ಎಲ್ಲಿದೆ ಎಂಬುದು ಮರೆಯುತ್ತಾರೆ, ಆದರೆ ಅವರ ಬೆರಳು ಏನನ್ನೂ ಮರೆತಿರಲಿಲ್ಲ. ಮೂವತ್ತಾರು ವರ್ಷ ಔರಾದ ತಹಸೀಲ ಕಚೇರಿಯ ಹೊರಗೆ ಬೇವಿನ ಗಿಡದ ಕೆಳಗೆ ಕೂತು ಮಂದಿಯ ಅರ್ಜಿ ಟೈಪ್ ಮಾಡಿದ ಬೆರಳಲ್ಲವೇ. ಊಟದ ತಾಟಿನ ಅಂಚಿನ ಮೇಲೆಯೂ ಟಕಟಕ ಆಡಿಸುತ್ತಿದ್ದರು. ಅದನ್ನು ನೋಡಿ ನಾನು ಕಾಲೇಜಿನ ಹುಡುಗರ ಪ್ರಬಂಧಗಳನ್ನು ಟೈಪ್ ಮಾಡುವ ಹಳೇ ಕಂಪ್ಯೂಟರಿನ ಮುಂದೆ ಅವರನ್ನು ಕೂಡಿಸಿದೆ. ಪಕ್ಕದ ಮನೆಯ ತಹಮೀನಾ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಅವಳು ಹಳೇ ಟೈಪ್‌ರೈಟರಿನ ಕೀಲಿಗಳ ಜೋಡಣೆಯನ್ನೇ ಅದಕ್ಕೆ ಹಾಕಿಕೊಟ್ಟಳು. ನಾನು ಬಳಸುವ ದೊಡ್ಡ ತಂತ್ರಾಂಶದಲ್ಲಿ ಮೇಲೆಲ್ಲ ಬಟನ್‌ಗಳ ಸಂತೆ, ಅಪ್ಪ ಗಾಬರಿಯಾಗುತ್ತಿದ್ದರು. ತಹಮೀನಾ ಒಂದು ಬರೀ ಟೆಕ್ಸ್ಟ್ ಎಡಿಟರ್ ತೆರೆದಳು. ಅದು ಹೆಚ್ಚುಕಡಿಮೆ ಖಾಲಿ ಕಾಗದವೇ. ಅಪ್ಪ ಅಂಗಿಯ ತೋಳು ಮಡಿಚಿದರು, ಬೆನ್ನು ನೆಟ್ಟಗೆ ಮಾಡಿದರು, ಬರೆದರು. ಅಂದು ಅವರು ಬರೆದದ್ದು ಇದು: "ಮಾನ್ಯ ತಹಸೀಲ್ದಾರರು, ಔರಾದ. ವಿಷಯ: ಹೆಂಡತಿಯನ್ನು ಹುಡುಕಿಸಿಕೊಡುವ ಕುರಿತು. ನನ್ನ ಹೆಂಡತಿ ಅನುಸೂಯಾಬಾಯಿ ಮುಂಜಾನೆಯಿಂದ ಮನೆಯಲ್ಲಿ ಕಾಣುತ್ತಿಲ್ಲ. ಆಕೆ ಹೇಳದೆ ಎಲ್ಲಿಗೂ ಹೋಗುವವಳಲ್ಲ."

ಒಂದೂ ತಪ್ಪಿರಲಿಲ್ಲ, ನಂದೂ. ಒತ್ತಕ್ಷರಗಳು ಸಹ ಸರಿಯಾಗಿದ್ದವು.

ಅವ್ವ ಹೋಗಿ ಆಗಲೇ ಒಂದೂವರೆ ವರ್ಷದ ಮೇಲಾಗಿತ್ತು. ದಿನಕ್ಕೆ ನಲವತ್ತು ಸಲ ಕೇಳುತ್ತಿದ್ದರು. ಇವತ್ತು ಯಾವ ವಾರ, ಇದು ಯಾರ ಮನಿ, ಅನುಸೂಯಾ ಎಲ್ಲಿ. ಮೊದಮೊದಲು ನಾನು ಸಮಾಧಾನದಿಂದ ಹೇಳುತ್ತಿದ್ದೆ. ಆಮೇಲೆ ಒಲೆಯ ಮುಂದಿನಿಂದಲೇ ಒದರುತ್ತಿದ್ದೆ. ಒಂದು ದಿನ, "ಎಷ್ಟ್ ಸಲ ಹೇಳ್ಲಿ, ತಲಿ ಇಲ್ಲೇನು ನಿಮಗ" ಎಂದುಬಿಟ್ಟೆ. ಅಪ್ಪ ಹತ್ತು ನಿಮಿಷಕ್ಕೆ ನನ್ನ ಮಾತನ್ನು ಮರೆತರು, ಆದರೆ ಆ ಸಂಜೆಯೆಲ್ಲ ನನ್ನನ್ನು ಕಂಡರೆ ಅಂಜುತ್ತಿದ್ದರು. ಯಾಕೆ ಅಂಜಿಕೆ ಎಂಬುದು ಅವರಿಗೇ ಗೊತ್ತಿರಲಿಲ್ಲ. ಮರುದಿನ ತಹಮೀನಾಳ ಮುಂದೆ ಅತ್ತೆ. ಅವಳು ಅಪ್ಪ ಬರೆಯುವುದನ್ನು ಸ್ವಲ್ಪ ಹೊತ್ತು ನೋಡಿ, "ಅಕ್ಕಾ, ಚಾಚಾ ಘಳಿಗಿಗೊಮ್ಮೆ ಪರದೆಯ ತಳಕ್ಕ ನೋಡ್ತಾರ, ಯಾಕ್ರಿ?" ಎಂದಳು. ಅದು ನಿನಗೆ ಗೊತ್ತೇ ಇದೆ. ಕಾಗದ ಇನ್ನೆಷ್ಟು ಉಳಿದಿದೆ ಎಂದು ಟೈಪಿಸ್ಟರು ತಳವನ್ನೇ ನೋಡುವುದು.

ಆ ಎಡಿಟರಿನ ತಳದಲ್ಲಿ ಒಂದು ಸಣ್ಣ ಪಟ್ಟಿ ಇರುತ್ತದೆ, ಸ್ಟೇಟಸ್ ಬಾರ್ ಎನ್ನುತ್ತಾರೆ. ಎಷ್ಟನೆಯ ಸಾಲು, ಎಷ್ಟನೆಯ ಅಕ್ಷರ, ಎಷ್ಟು ಪದ ಎಂದು ಅದು ತೋರಿಸುತ್ತಿರುತ್ತದೆ. ಒಂದು ಪ್ಲಗಿನ್, ಅಂದರೆ ಮೇಲಿನಿಂದ ಜೋಡಿಸುವ ಪುಟ್ಟ ತಂತ್ರಾಂಶ, ಹಾಕಿಕೊಂಡರೆ ಅದನ್ನೆಲ್ಲ ತೆಗೆದು ನಮಗೆ ಬೇಕಾದದ್ದನ್ನು ಇಡಬಹುದಂತೆ. ಎಡಕ್ಕೆ ಏನು, ಬಲಕ್ಕೆ ಏನು, ಯಾವುದು ಮುಂದೆ, ಯಾವ ಬಣ್ಣ, ಎಲ್ಲವನ್ನೂ ಒಂದು ಫೈಲಿನಲ್ಲಿ ಬರೆದಿಟ್ಟರಾಯಿತು. ತಹಮೀನಾ ಒಮ್ಮೆ ತೋರಿಸಿದಳು, ಉಳಿದದ್ದನ್ನು ನಾನೇ ಕಲಿತೆ. ಮೊದಲ ದಿನ ಕನ್ನಡ ಅಕ್ಷರಗಳೆಲ್ಲ ಡಬ್ಬಿ ಡಬ್ಬಿಯಾಗಿ ಬಂದವು, ಫಾಂಟ್ ಬದಲಿಸಿದೆ. ಒಂದು ಅಲ್ಪವಿರಾಮ ಬಿಟ್ಟದ್ದಕ್ಕೆ ಪಟ್ಟಿಯೇ ಮಾಯವಾಯಿತು, ಅದನ್ನು ಹುಡುಕಲು ಅರ್ಧ ದಿನ ಹೋಯಿತು. ಅಕ್ಷರ ದೊಡ್ಡದು ಮಾಡಿದೆ, ಹಿಂದೆ ಹಳೇ ಕಾಗದದಂಥ ಬಣ್ಣ ಹಾಕಿದೆ. ಕೊನೆಗೆ ಎಡಕ್ಕೆ ವಾರ ಮತ್ತು ತಾರೀಖು ತಾವೇ ಬದಲಾಗುವಂತೆ ಆಯಿತು. ನಡುವೆ, "ನೀವು ಬೀದರದಾಗ ಈಶ್ವರಿ ಮನ್ಯಾಗ ಇದ್ದೀರಿ" ಎಂದು ಬರೆದೆ. ಅಪ್ಪ ಬರೆಯುತ್ತ ಬರೆಯುತ್ತ ತಳಕ್ಕೆ ನೋಡಿದರು. "ಹಾಂ, ಮಂಗಳವಾರ" ಎಂದು ತಮಗೆ ತಾವೇ ಹೇಳಿಕೊಂಡು ಮುಂದೆ ಬರೆದರು. ಆ ವಾರ ನಮ್ಮ ಮನೆಯಲ್ಲಿ ಯಾರೂ ಒದರಲಿಲ್ಲ.

ಬಲಗಡೆ ಜಾಗ ಖಾಲಿ ಉಳಿದಿತ್ತು. ಅಲ್ಲಿ ನಾನು, "ಅನುಸೂಯಾ ಭಾಲ್ಕಿಗೆ ಹೋಗ್ಯಾಳ, ನಾಳಿ ಬರ್ತಾಳ" ಎಂದು ಹಾಕಿದೆ. ತಹಮೀನಾ ಬೇಡವೆಂದಳು. "ಬಾಯಿಲೆ ಹೇಳಿದ ಸುಳ್ಳು ಹಾರಿ ಹೋಗ್ತದ್ರಿ ಅಕ್ಕಾ, ಇದು ಅಲ್ಲೇ ಕುಂತಿರ್ತದ" ಎಂದಳು. ನಾನು ಕೇಳಲಿಲ್ಲ. ಅದನ್ನು ಓದಿದಾಗ ಅಪ್ಪನ ಮುಖ ಅಷ್ಟು ಹಗುರಾಗುತ್ತಿತ್ತು. ತವರಿಗೆ ಹೋದ ಹೆಂಡತಿ ನಾಳೆ ಬರುತ್ತಾಳೆ ಎಂದರೆ ಯಾರಿಗೆ ಸಂತೋಷವಿಲ್ಲ? ನಾಲ್ಕು ತಿಂಗಳು ಆ ನಾಳೆಯ ಮೇಲೆ ನಡೆಸಿದೆ.

ಜುಲೈ ತಿಂಗಳಲ್ಲಿ ಒಂದು ದಿನ ನಾನು ಗಿರಣಿಗೆ ಹೋಗಿ ಬರುವಷ್ಟರಲ್ಲಿ ಅಪ್ಪ ಮನೆಯಲ್ಲಿರಲಿಲ್ಲ. ಧೋತರ ಬದಲಿಸಿದ್ದರು, ಟೋಪಿ ಹಾಕಿಕೊಂಡು ಹೋಗಿದ್ದರು. ಚಿದ್ರಿಯ ಓಣಿ ಓಣಿ ಹುಡುಕಿದೆವು, ಬಸ್ ಸ್ಟ್ಯಾಂಡಿನಲ್ಲಿ ಹುಡುಕಿದೆವು. ಮಧ್ಯಾಹ್ನ ಮೂರಕ್ಕೆ ಭಾಲ್ಕಿಯಿಂದ ಫೋನು ಬಂತು. ಅಪ್ಪನ ಕಿಸೆಯಲ್ಲಿ ನಾನಿಟ್ಟಿದ್ದ ಚೀಟಿಯ ನಂಬರು ನೋಡಿ ಮಾಡಿದವರು ಶಾಕಿರಾ ಬೇಗಂ. ಅವ್ವನ ತವರುಮನೆಯನ್ನು ಕೊಂಡವರು ಅವರೇ. ನಾನೂ ತಹಮೀನಾಳೂ ಓಡಿದೆವು. ಅಪ್ಪ ಆ ಮನೆಯ ಹೊರಗಿನ ಕಟ್ಟೆಯ ಮೇಲೆ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು, ಅಳಿಯ ಕೂಡುವಂತೆ ಕೂತಿದ್ದರು. ಪಕ್ಕದಲ್ಲಿ ಚಹಾದ ಕಪ್ಪು ಬಸಿ. ಶಾಕಿರಾ ಬೇಗಂ ನನ್ನನ್ನು ಒಳಗೆ ಕರೆದು ಮೆಲ್ಲಗೆ, "ಹತ್ತ ಗಂಟಿಯಿಂದ ಕುಂತಾರ ಬೇಟಿ. ನನ್ನ ಮನ್ಯಾಕಿನ್ನ ಕಳಸ್ರಿ, ಕರ್ಕೊಂಡು ಹೋಗ್ಲಾಕ ಬಂದೀನಿ ಅಂತಾರ. ನಾ ಏನಂತ ಹೇಳ್ಲಿ? ಅನುಸೂಯಾ ಮತ್ತ ನಾ ಸಣ್ಣೋರಿದ್ದಾಗ ಕೂಡೇ ಆಡ್ದೋರು" ಎಂದರು. ಅವರೂ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನು ಹೊರಗೆ ಬಂದು, ನಡೀರಿ ಅಪ್ಪಾ ಎಂದೆ. ಅಪ್ಪ ಬಾಗಿಲ ಕಡೆ ನೋಡುತ್ತ, "ಸಿಟ್ಟಾಗ್ಯಾಳ ಕಾಣಿಸ್ತದ ಈಶ್ವರಿ. ಹೊರಗ ಬರವಲ್ಲಳು. ನಾ ಏನ್ ಅಂದೆ ಆಕಿಗಿ?" ಎಂದರು. ಬಸ್ಸಿನಲ್ಲಿ ಬೀದರ ಬರುವವರೆಗೂ ತಾವು ಏನು ಅಂದಿರಬಹುದು ಎಂದು ನೆನೆಸಿಕೊಳ್ಳಲು ನೋಡುತ್ತಿದ್ದರು.

ಮನೆಗೆ ಬಂದು ಸೆರಗು ಸಹ ಸರಿಮಾಡಿಕೊಳ್ಳದೆ ಕಂಪ್ಯೂಟರಿನ ಮುಂದೆ ಕೂತು ಆ ಸಾಲನ್ನು ಅಳಿಸಿದೆ. ನಿಜವನ್ನೇ ಬರೆದೆ: "ಅನುಸೂಯಾಬಾಯಿ ೯ ಮಾರ್ಚ್ ೨೦೨೨ ಬುಧವಾರ ಲಿಂಗೈಕ್ಯರಾದರು." ಔರಾದದಲ್ಲಿ ಅಪ್ಪ ಎಂದೂ ಸುಳ್ಳು ಅರ್ಜಿ ಟೈಪ್ ಮಾಡಿದವರಲ್ಲ, ಅವರಿಗೆ ಸುಳ್ಳು ಓದಿಸಿದ ಪಾಪ ನನಗೆ ಬೇಡವೆನ್ನಿಸಿತು. ಆದರೆ ಮರುದಿನ ಮುಂಜಾನೆ ಅಪ್ಪ ಒಂದು ಸಾಲು ಬರೆದು ತಳಕ್ಕೆ ನೋಡಿದಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಬೆರಳು ನಿಂತವು. ಇನ್ನೊಮ್ಮೆ ಓದಿದರು. "ನನಗ್ಯಾಕ ಯಾರೂ ಹೇಳಿಲ್ಲ?" ಎಂದರು. ಸುಟ್ಟ ಕೈಯನ್ನು ಹಿಡಿದಂತೆ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂತರು. ಮಧ್ಯಾಹ್ನಕ್ಕೆ ಮರೆತರು. ಮರುದಿನ ಮತ್ತೆ ಓದಿದರು, ಮತ್ತೆ ಅವತ್ತೇ ಅವ್ವ ಸತ್ತಳು. ಹೀಗೆ ಹನ್ನೊಂದು ದಿನ. ನಾನು ದಿನಾ ಅಳಿಸಬೇಕೆಂದು ಆ ಫೈಲು ತೆರೆಯುವುದು, ಅಳಿಸಿದರೆ ಅಲ್ಲಿ ಏನು ಬರೆಯಲಿ ಎಂದು ತಿಳಿಯದೆ ಮುಚ್ಚುವುದು. ಭಾಲ್ಕಿಯ ಕಟ್ಟೆ ಕಣ್ಣ ಮುಂದೆ ಬರುತ್ತಿತ್ತು.

ಹನ್ನೆರಡನೆಯ ದಿನ ಅಪ್ಪ ಸ್ನಾನಕ್ಕೆ ಹೋದಾಗ ನಾನು ಪರದೆ ನೋಡಿದೆ. ಅವರು ಒಂದು ಅರ್ಜಿ ಟೈಪ್ ಮಾಡಿ ಇಟ್ಟಿದ್ದರು. ಅದನ್ನು ಕಾಗದಕ್ಕೆ ಇಳಿಸಿಟ್ಟುಕೊಂಡಿದ್ದೇನೆ. ನೋಡಿ ಬರೆಯುತ್ತೇನೆ: "ಶ್ರೀಮತಿ ಈಶ್ವರಿಯವರಿಗೆ, ಚಿದ್ರಿ, ಬೀದರ. ವಿಷಯ: ಕೆಳಗಿನ ಗೆರೆಯನ್ನು ತೆಗೆಯುವ ಕುರಿತು. ವಿನಂತಿಸಿಕೊಳ್ಳುವುದೇನೆಂದರೆ, ಅರ್ಜಿದಾರನ ಹೆಂಡತಿ ತೀರಿಕೊಂಡ ಸುದ್ದಿಯನ್ನು ಮಷೀನಿನ ಮೂಲಕ ತಿಳಿಸಲಾಗುತ್ತಿದೆ. ಸುದ್ದಿ ನಿಜವಿರುವುದಾಗಿ ಕಂಡುಬರುತ್ತದೆ. ಆದರೆ ಇಂಥ ಸುದ್ದಿಯನ್ನು ಮನೆಯವರು ಹತ್ತಿರ ಕೂತು ಬಾಯಿಂದ ಹೇಳುವುದು ರೂಢಿ. ಅರ್ಜಿದಾರನು ವಯಸ್ಸಾದವನಿದ್ದು, ಒಬ್ಬನೇ ಓದಲಾರನು. ದಯಮಾಡಿ ಹಾಗೆ ಮಾಡಬೇಕು. ತಮ್ಮ ವಿಧೇಯ, ಹಾವಗೆಪ್ಪ." ಯಾವ ಘಳಿಗೆಯಲ್ಲಿ ಅವರಿಗೆ ಅಷ್ಟು ಬೆಳಕಾಯಿತೋ ಗೊತ್ತಿಲ್ಲ. ಸ್ನಾನ ಮುಗಿಸಿ ಬಂದವರು ಅದನ್ನು ನೋಡಿ, "ಇದು ಯಾರ ಅರ್ಜಿ, ಪಾಪ" ಎಂದರು.

ಅವತ್ತೇ ಬಲಗಡೆಯ ಸಾಲನ್ನು ತೆಗೆದುಹಾಕಿದೆ. ವಾರ ಇದೆ, ಮನೆಯ ಹೆಸರಿದೆ, ಅಷ್ಟೇ. ಅಪ್ಪ ಕೇಳಿದ ದಿನ ಒಲೆ ಆರಿಸಿ ಬಂದು ಪಕ್ಕದಲ್ಲಿ ಕೂಡುತ್ತೇನೆ, ಕೈ ಹಿಡಿದುಕೊಳ್ಳುತ್ತೇನೆ, ಹೇಳುತ್ತೇನೆ. ಅಳುತ್ತಾರೆ. ನಾನೂ ಅಳುತ್ತೇನೆ. ಒಂದೊಂದು ದಿನ ಅವರೇ ನನ್ನ ತಲೆ ಸವರಿ, "ನಿನ್ನ ಅವ್ವ ಅಲ್ಲೇನು ಆಕಿ, ನಿನಗೂ ಆಗ್ತದ" ಎನ್ನುತ್ತಾರೆ. ಕೇಳದ ದಿನ ನಾನಾಗಿ ಹೇಳುವುದಿಲ್ಲ.

ದಸರೆಯಿಂದ ಈಚೆಗೆ ಬರೆಯುವುದೂ ಕಡಿಮೆಯಾಗಿದೆ. "ಮಾನ್ಯ" ಎಂದು ಬರೆದು ನಿಲ್ಲುತ್ತಾರೆ. ಅರ್ಧ ಪುಟವೆಲ್ಲ "ಮಾನ್ಯ ಮಾನ್ಯ ಮಾನ್ಯ" ಎಂದೇ ಇರುತ್ತದೆ. ಅನ್ನ ನುಂಗಲು ತ್ರಾಸಾಗುತ್ತಿದೆ, ಗಂಜಿ ಕುಡಿಸುತ್ತೇನೆ. ಹೆಚ್ಚು ದಿನ ಎಂದು ನಂಬಿಕೊಳ್ಳಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಈಗೀಗ ಅವ್ವನಿಗಿಂತ ನಿನ್ನನ್ನೇ ಹೆಚ್ಚು ಕೇಳುತ್ತಾರೆ. "ನಂದು ಯಾಕ ಬರವಲ್ಲ?" ಎನ್ನುತ್ತಾರೆ. ಔರಾದದ ಹೊಲದಲ್ಲಿ ಅವ್ವನ ಸಮಾಧಿಯ ಹತ್ತಿರ, ಮಣ್ಣಾದ ಮೇಲೆ ಬಂದ ನಿನಗೆ ಅಂದ ಮಾತು ಅವರ ತಲೆಯಲ್ಲಿ ಉಳಿದಿಲ್ಲ. "ಮಣ್ಣ ಹಾಕ್ಲಾಕ ಬರಲಾರದಾಂವ ಊಟಕ್ಕ ಯಾಕ ಬಂದಿ" ಎಂದದ್ದು ನಿನಗೆ ಮರೆಯುವ ಮಾತಲ್ಲ, ನನಗೂ ಅಲ್ಲ. ನೀನು ಚೀಲ ಎತ್ತಿಕೊಂಡು, ನೀರು ಸಹ ಕುಡಿಯದೆ ಬಸ್ ಸ್ಟ್ಯಾಂಡಿನ ಕಡೆ ನಡೆದುಹೋದದ್ದು ಇನ್ನೂ ಕಾಣುತ್ತದೆ. ಅವತ್ತಿನಿಂದ ನೀನು ಇತ್ತ ಬಂದಿಲ್ಲ. ಬರಲೇಬೇಕು ಎನ್ನುವ ಹಕ್ಕು ನನಗಿಲ್ಲ. ಬಂದರೆ ಅಪ್ಪ ಈಗಲೂ ನಿನ್ನ ಗುರುತು ಹಿಡಿಯುತ್ತಾರೆ. ಮೊನ್ನೆ ನಿನ್ನ ಫೋಟೋ ತೋರಿಸಿದಾಗ ಹೆಸರು ಹೇಳಿದರು.

ಮನಿಷಾಳಿಗೆ ನನ್ನ ನೆನಪು ಹೇಳು, ಕೂಸಿಗೆ ಮುತ್ತು. ಭಾವ ನಿನ್ನನ್ನು ಕೇಳಿದ್ದಾರೆ. ಸೊಂಟಕ್ಕೆ ಬಿಸಿನೀರಿನ ಶಾಖ ಕೊಡಿಸಿಕೋ, ಬರೇ ಗುಳಿಗೆ ನುಂಗಬೇಡ. ಬಸವಣ್ಣ ನಿನ್ನ ಮನೆಯನ್ನು ತಣ್ಣಗಿಡಲಿ.

ಇತಿ ನಿನ್ನ ಅಕ್ಕ,
ಈಶ್ವರಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ಬರೆಯುತ್ತಿದ್ದೇನೆ. ಅವ್ವನನ್ನು ದವಾಖಾನೆಗೆ ಸೇರಿಸಿದ್ದು ನಾನು ಆಗ ನಿನಗೆ ಹೇಳಿದಂತೆ ಬುಧವಾರ ಅಲ್ಲ, ಸೋಮವಾರ. ನಂದುಗೆ ಫೋನ್ ಮಾಡು ಎಂದು ಅಪ್ಪ ಅಂದೇ ಹೇಳಿದರು. ನೀನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ, ರಜೆ ಹಾಕಿದರೆ ತೆಗೆದುಹಾಕಿಯಾರು, ಅವ್ವ ಎರಡು ದಿನಕ್ಕೆ ಏಳುತ್ತಾಳೆ ಎಂದುಕೊಂಡು ನಾನು ಮಾಡಲಿಲ್ಲ. ಅಪ್ಪನಿಗೆ, ಮಾಡೀನ್ರಿ, ಬರ್ತೀನಿ ಅಂದಾನ ಎಂದೆ. ಅವರು ಎರಡು ದಿನ ದವಾಖಾನೆಯ ಬಾಗಿಲಿಗೆ ನಿಂತು ನಿನ್ನ ದಾರಿ ನೋಡಿದರು. ನಿನಗೆ ಫೋನು ಮಾಡಿದ್ದು ಅವ್ವ ಹೋದ ಮೇಲೆ. ಸಮಾಧಿಯ ಹತ್ತಿರ ಅಪ್ಪ ನಿನಗೆ ಆ ಮಾತು ಅಂದಾಗ ನಾನು ಪಕ್ಕದಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. ನಿನ್ನೆ ಮುಂಜಾನೆ ಅಪ್ಪನ ಕೈ ಹಿಡಿದು ಎಲ್ಲ ಹೇಳಿದೆ. "ಹಂಗಾದ್ರ ಅಂವಂದೇನೂ ತಪ್ಪಿಲ್ಲ" ಎಂದರು. ಸಂಜೆಗೆ ಅದೂ ಹೋಯಿತು. ಇನ್ನು ನಾನು ಹೇಳಿದರೆ ನೆನಪಿನಲ್ಲಿ ಇಟ್ಟುಕೊಳ್ಳುವವನು ನೀನೊಬ್ಬನೇ.